ಮಾಸ್ಕ್ ಹಾಕಿದರೆ ಫ್ಲೂ, ಕೋವಿಡ್ ಹರಡುವುದು ನಿಜಕ್ಕೂ ಕಡಿಮೆಯಾಗುತ್ತದಾ? ವೃದ್ಧಾಶ್ರಮಕ್ಕೆ ಸೂಚನೆ ಬರೆಯಬೇಕಿದೆ

ತುಂಗಾತೀರ ಕೇಳಿದ್ದು:

ಮೂವತ್ತು ಹಿರಿಯರು, ಹನ್ನೆರಡು ಸಿಬ್ಬಂದಿ ಇರುವ ವೃದ್ಧಾಶ್ರಮವೊಂದರ ಗೋಡೆಗೆ ಹಚ್ಚಲು ಒಂದು ಪುಟದ ಸೂಚನೆ ಬೇಕಾಗಿದೆ. ಫ್ಲೂ, ಕೋವಿಡ್, ಆರ್‌ಎಸ್‌ವಿ, ಎಚ್‌ಎಂಪಿವಿ ತರಹದ ಸೋಂಕು ಊರಲ್ಲಿ ಓಡಾಡುವಾಗ ಮಾಸ್ಕ್ ಹೇಗೆ ಬಳಸಬೇಕು ಎಂಬುದೇ ವಿಷಯ.

ಬರೆಯಲು ಕೂತರೆ ಎರಡು ಮಾತು ಎದುರಾಗುತ್ತಿವೆ. ಎನ್95 ಡಬ್ಬಿಯ ಮೇಲೆ ‘ಶೇ 95ರಷ್ಟು ಕಣಗಳನ್ನು ತಡೆಯುತ್ತದೆ’ ಅಂತಿದೆ. 2023ರ ಕಾಕ್ರೇನ್ ಪರಾಮರ್ಶೆಯ (ಹಲವು ವೈದ್ಯಕೀಯ ಪ್ರಯೋಗಗಳನ್ನು ಒಟ್ಟಿಗೆ ತೂಗಿ ನೋಡುವ ವರದಿ) ಹೆಸರಲ್ಲಿ ವಾಟ್ಸ್‌ಆ್ಯಪ್‌ನಲ್ಲಿ ಓಡಾಡುವ ಸಂದೇಶ ‘ಮಾಸ್ಕ್‌ನಿಂದ ಏನೂ ವ್ಯತ್ಯಾಸ ಆಗಲ್ಲ ಅಂತ ಸಾಬೀತಾಗಿದೆ’ ಅನ್ನುತ್ತದೆ. ಎರಡೂ ಒಟ್ಟಿಗೆ ಹೇಗೆ ನಿಜವಾಗುತ್ತವೆ?

ಕೆಲಸಕ್ಕೆ ಬೇಕಾದ ಪ್ರಶ್ನೆಗಳು ಇಷ್ಟು. ಸಿಬ್ಬಂದಿಗೆ ಸರ್ಜಿಕಲ್ ಸಾಕಾ, ಎನ್95 ಬೇಕಾ? ವರ್ಷಪೂರ್ತಿ ಹಾಕಬೇಕಾ, ಯಾರಿಗಾದರೂ ಕೆಮ್ಮು ಜ್ವರ ಬಂದಾಗ ಮಾತ್ರವಾ? ಒಂದೇ ಮಾಸ್ಕನ್ನು ಎಷ್ಟು ಸಲ ಬಳಸಬಹುದು, ತೊಳೆಯಬಹುದಾ? ಹಿರಿಯರಿಗೂ ಹಾಕಿಸಬೇಕಾ? ಗೊತ್ತಿದ್ದವರು ದಯವಿಟ್ಟು ವಿವರವಾಗಿ ಹೇಳಿ.

---

ಎಳೆ_ಮತ್ತು_ಗಾಳಿ ಉತ್ತರ:

ನೀವು ಹೇಳಿದ ಎರಡೂ ಮಾತು ಒಂದಕ್ಕೊಂದು ಎದುರು ನಿಂತಿಲ್ಲ, ಬೇರೆ ಬೇರೆ ಸಂಗತಿಗಳನ್ನು ಅಳೆಯುತ್ತಿವೆ. ಡಬ್ಬಿಯ ಮೇಲಿನ ಶೇ 95 ಅನ್ನೋದು ಶೋಧಕ ಪದರದ ಅಳತೆ. ಎನ್95ಗೆ ಅನುಮೋದನೆ ಕೊಡುವ ಅಮೆರಿಕದ ನಿಯೋಶ್ ಸಂಸ್ಥೆಯ ಪರೀಕ್ಷೆಯಲ್ಲಿ ಮಾಸ್ಕ್‌ನ ಅಂಚನ್ನೆಲ್ಲ ಒಂದು ತಟ್ಟೆಗೆ ಅಂಟಿಸಿ ಮುಚ್ಚುತ್ತಾರೆ. ಗಾಳಿಗೆ ಪದರದ ಮೂಲಕ ಬಿಟ್ಟರೆ ಬೇರೆ ದಾರಿಯೇ ಇರುವುದಿಲ್ಲ. ಆಮೇಲೆ ನಿಮಿಷಕ್ಕೆ 85 ಲೀಟರ್‌ನಂತೆ ಉಪ್ಪಿನ ಅತಿ ಸಣ್ಣ ಕಣಗಳಿರುವ ಗಾಳಿಯನ್ನು ಹಾಯಿಸಿ, ಎಷ್ಟು ದಾಟಿತು ಅಂತ ನೋಡುತ್ತಾರೆ. ಆ ಪರೀಕ್ಷೆಯಲ್ಲಿ ಮುಖ ಇರುವುದೇ ಇಲ್ಲ.

ಮೊದಲು ‘ವೈರಸ್ 0.1 ಮೈಕ್ರಾನ್, ಮಾಸ್ಕ್‌ನ ರಂಧ್ರ ಅದಕ್ಕಿಂತ ದೊಡ್ಡದು, ಹಾಗಾಗಿ ದಾಟಿ ಹೋಗುತ್ತೆ’ ಅನ್ನುವ ವಾದ ತೆಗೆದುಹಾಕೋಣ, ನಿಮ್ಮ ಸಿಬ್ಬಂದಿಯಲ್ಲಿ ಯಾರಾದರೂ ಖಂಡಿತ ಕೇಳುತ್ತಾರೆ. ಮಾಸ್ಕ್ ಜರಡಿಯ ಹಾಗೆ ಕೆಲಸ ಮಾಡುವುದಿಲ್ಲ. ಒಳಗಿನ ಮೆಲ್ಟ್‌ಬ್ಲೋನ್ ಪದರದಲ್ಲಿ ಕೆಲವೇ ಮೈಕ್ರಾನ್ ದಪ್ಪದ ಪಾಲಿಪ್ರೊಪಿಲೀನ್ ಎಳೆಗಳು ಅಡ್ಡಾದಿಡ್ಡಿ ಹಲವು ಸಾಲಾಗಿ ಬಿದ್ದಿರುತ್ತವೆ. ಗಾಳಿ ಎಳೆಯನ್ನು ಬಳಸಿ ತಿರುಗುತ್ತದೆ. ದೊಡ್ಡ ಕಣ ಆ ತಿರುವಿನಲ್ಲಿ ತಿರುಗಲಾರದೆ ಎಳೆಗೆ ಬಡಿಯುತ್ತದೆ. ತೀರ ಸಣ್ಣ ಕಣ ಗಾಳಿಯ ಅಣುಗಳ ಹೊಡೆತಕ್ಕೆ ಅತ್ತಿತ್ತ ಅಲೆದು ಎಳೆಗೆ ತಾಗುತ್ತದೆ, ತಾಗಿದರೆ ಅಂಟಿಯೇ ಬಿಡುತ್ತದೆ. ಎರಡಕ್ಕೂ ಸಿಗದೆ ಸುಲಭವಾಗಿ ನುಸುಳುವುದು ನಡುವಿನ ಗಾತ್ರ, ಸುಮಾರು 0.3 ಮೈಕ್ರಾನ್. ಅದನ್ನೂ ಹಿಡಿಯಲೆಂದೇ ಎಳೆಗಳಿಗೆ ಸ್ಥಿರ ವಿದ್ಯುತ್ ತುಂಬಿರುತ್ತಾರೆ. ವಿದ್ಯುತ್ ತುಂಬಿದ ಪದರದಲ್ಲಿ ನುಸುಳುವ ಗಾತ್ರ 0.1 ಮೈಕ್ರಾನ್ ಆಸುಪಾಸಿಗೆ ಇಳಿಯುತ್ತದೆ, ಪರೀಕ್ಷೆಯ ಉಪ್ಪಿನ ಕಣಗಳಲ್ಲಿ ಆ ಗಾತ್ರದವೂ ಇರುತ್ತವೆ. ಇಷ್ಟಕ್ಕೂ ವೈರಸ್ ಬರಿಮೈಯಲ್ಲಿ ತೇಲುವುದಿಲ್ಲ. ಎಂಜಲು, ಲೋಳೆ, ಲವಣ ಸೇರಿದ ಕಣದೊಳಗೆ ಬರುತ್ತದೆ, ಕಣ ವೈರಸ್‌ಗಿಂತ ದೊಡ್ಡದಿರುತ್ತದೆ.

ಆ ವಿದ್ಯುತ್ತೇ ಮಾಸ್ಕ್‌ನ ಜೀವ. ಸೋಪು, ಸ್ಯಾನಿಟೈಸರ್, ಸ್ಪಿರಿಟ್ ತಾಗಿದರೆ ಅದು ಹೋಗುತ್ತದೆ. ಮಾಸ್ಕ್ ನೋಡಲು ಹೊಸದರಂತೆಯೇ ಇರುತ್ತದೆ, ಶೋಧಿಸುವ ಶಕ್ತಿ ಮಾತ್ರ ಬಿದ್ದುಹೋಗಿರುತ್ತದೆ. ಆದ್ದರಿಂದ ತೊಳೆಯುವ ಪ್ರಶ್ನೆಗೆ ಉತ್ತರ: ಎನ್95 ಆಗಲಿ ಸರ್ಜಿಕಲ್ ಆಗಲಿ ತೊಳೆಯಬೇಡಿ, ಸ್ಯಾನಿಟೈಸರ್ ಸಿಂಪಡಿಸಬೇಡಿ.

ಈಗ ನಿಜವಾದ ತೊಂದರೆ, ಅಂಚಿನ ಸೋರಿಕೆ. ಒಂದು ಸಣ್ಣ ಲೆಕ್ಕ ಮಾಡಿ. ಪದರ ಶೇ 95 ತಡೆಯುತ್ತದೆ, ಆದರೆ ಎಳೆದುಕೊಂಡ ಗಾಳಿಯಲ್ಲಿ ಶೇ 10 ಮೂಗಿನ ಪಕ್ಕದ ಸಂದಿಯಿಂದ ನುಗ್ಗುತ್ತಿದೆ ಅಂದುಕೊಳ್ಳಿ. ಪದರದ ಮೂಲಕ ಬಂದ ಶೇ 90 ಗಾಳಿಯಲ್ಲಿ 4.5 ಪಾಲು ಕಣ ದಾಟಿತು, ಸಂದಿಯಿಂದ 10 ಪಾಲು ನೇರ ಬಂತು, ಒಟ್ಟು 14.5. ಈಗ ದುಬಾರಿಯಾದ ಶೇ 99ರ ಪದರ ತಂದು ಸಂದಿಯನ್ನು ಹಾಗೇ ಬಿಡಿ, ಒಟ್ಟು 10.9. ಅದರ ಬದಲು ಹಳೆಯ ಶೇ 95ರ ಪದರವನ್ನೇ ಇಟ್ಟುಕೊಂಡು ಸಂದಿಯನ್ನು ಶೇ 1ಕ್ಕೆ ಇಳಿಸಿ, ಒಟ್ಟು 6ರ ಹತ್ತಿರ. ದುಡ್ಡು ಪದರಕ್ಕೆ ಸುರಿಯುವುದಕ್ಕಿಂತ ಮುಖಕ್ಕೆ ಕೂರುವ ಅಳತೆ ಹುಡುಕುವುದಕ್ಕೆ ಖರ್ಚಾಗಲಿ.

ಸರ್ಜಿಕಲ್ ಡಬ್ಬಿಯ ಮೇಲಿನ ‘ಬಿಎಫ್‌ಇ ಶೇ 98’ (ಬ್ಯಾಕ್ಟೀರಿಯಾ ಶೋಧಿಸುವ ಪ್ರಮಾಣ) ನೋಡಿ ‘ಇದು ಎನ್95ಗಿಂತ ಮೇಲು’ ಅಂದುಕೊಳ್ಳುವವರಿದ್ದಾರೆ. ಅದು ಸುಮಾರು 3 ಮೈಕ್ರಾನ್ ಗಾತ್ರದ, ಬ್ಯಾಕ್ಟೀರಿಯಾ ಇರುವ ಹನಿಗಳಿಂದ, ನಿಮಿಷಕ್ಕೆ 28.3 ಲೀಟರ್ ಗಾಳಿಯಲ್ಲಿ ಮಾಡುವ ಪರೀಕ್ಷೆ. ತುಂಬ ಸಡಿಲವಾದದ್ದು. ಎರಡು ಸಂಖ್ಯೆಗಳನ್ನು ಪಕ್ಕದಲ್ಲಿಟ್ಟು ಹೋಲಿಸುವ ಹಾಗಿಲ್ಲ.

ಸರ್ಜಿಕಲ್ ಮಾಸ್ಕ್‌ನ ದೌರ್ಬಲ್ಯ ಕೆನ್ನೆಯ ಎರಡು ಪಕ್ಕ. 2021ರಲ್ಲಿ ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ ಗೊಂಬೆ ತಲೆಗಳ ಮೇಲೆ ಮಾಡಿದ ಪ್ರಯೋಗದಲ್ಲಿ, ಸುಮ್ಮನೆ ಹಾಕಿದ ಸರ್ಜಿಕಲ್ ಮಾಸ್ಕ್ ಕೆಮ್ಮಿನ ಕಣಗಳಲ್ಲಿ ಶೇ 56.1 ತಡೆಯಿತು. ಕಿವಿಯ ದಾರವನ್ನು ಮಾಸ್ಕ್‌ನ ಅಂಚಿಗೇ ಒತ್ತಿ ಗಂಟು ಹಾಕಿ, ಪಕ್ಕದ ಮಡಿಕೆಯನ್ನು ಒಳಗೆ ಸಿಕ್ಕಿಸಿದಾಗ ಅದೇ ಮಾಸ್ಕ್ ಶೇ 77 ತಡೆಯಿತು. ಅದರ ಮೇಲೆ ಬಟ್ಟೆ ಮಾಸ್ಕ್ ಬಿಗಿದಾಗ ಶೇ 85.4. ಬಟ್ಟೆ ಇಲ್ಲಿ ಶೋಧಕ್ಕಿಂತ ಹೆಚ್ಚಾಗಿ ಒಳಗಿನ ಮಾಸ್ಕನ್ನು ಕೆನ್ನೆಗೆ ಒತ್ತಿ ಹಿಡಿಯುವ ಕೆಲಸ ಮಾಡಿತು.

---

ಮಲೆನಾಡ_ಮಳೆ ಉತ್ತರ:

ತುಂಬ ಸ್ಪಷ್ಟವಾಯಿತು ಸರ್. ಹಾಗಾದರೆ ಬರೀ ಬಟ್ಟೆ ಮಾಸ್ಕ್? ಹಳ್ಳಿ ಕಡೆ ಈಗಲೂ ಅದೇ ಇದೆ.

---

ಎಳೆ_ಮತ್ತು_ಗಾಳಿ ಉತ್ತರ:

ಹತ್ತಿಬಟ್ಟೆಯಲ್ಲಿ ವಿದ್ಯುತ್ ಇಲ್ಲ, ನೂಲು ದಪ್ಪ, ನೂಲುಗಳ ನಡುವಿನ ಕಿಂಡಿ ದೊಡ್ಡದು. ಕೆಮ್ಮಿನ ದೊಡ್ಡ ಹನಿ ನಿಲ್ಲುತ್ತದೆ, ತೇಲುವ ಸಣ್ಣ ಕಣ ಬಹುತೇಕ ದಾಟುತ್ತದೆ. ವಿಯೆಟ್ನಾಂನ ಹನೋಯ್‌ಯಲ್ಲಿ 14 ಆಸ್ಪತ್ರೆಗಳ 1,607 ಸಿಬ್ಬಂದಿಯ ಮೇಲೆ ನಡೆದ ಪ್ರಯೋಗ 2015ರಲ್ಲಿ ಪ್ರಕಟವಾಯಿತು. ಅದರಲ್ಲಿ ಬಟ್ಟೆ ಮಾಸ್ಕ್‌ನವರಿಗೇ ಹೆಚ್ಚು ಸೋಂಕು ಬಂತು. ಆ ಬಟ್ಟೆ ಮಾಸ್ಕ್‌ಗಳನ್ನು ಲ್ಯಾಬ್‌ನಲ್ಲಿ ಪರೀಕ್ಷಿಸಿದಾಗ ಶೇ 97ರಷ್ಟು ಕಣಗಳು ದಾಟಿದವು. ವೃದ್ಧಾಶ್ರಮದ ಸೂಚನೆಯಲ್ಲಿ ಬರೀ ಬಟ್ಟೆ ಮಾಸ್ಕನ್ನು ಸೇರಿಸಬೇಡಿ.

---

ಅಂಕಿ_ಓದುಗ ಉತ್ತರ:

ಕಾಕ್ರೇನ್ ಭಾಗಕ್ಕೆ ನಾನು ಉತ್ತರಿಸುತ್ತೇನೆ, ಯಾಕೆಂದರೆ ಅದನ್ನು ಬಹಳ ಜನ ಮೂಲ ನೋಡದೆ ಹಂಚುತ್ತಿದ್ದಾರೆ.

2023ರ ಜನವರಿಯ ಆ ಪರಾಮರ್ಶೆಯಲ್ಲಿ ಕೈತೊಳೆಯುವುದೂ ಸೇರಿ ಬೇರೆ ಬೇರೆ ಕ್ರಮಗಳ 78 ಪ್ರಯೋಗಗಳಿವೆ, ಎಲ್ಲವೂ ಮಾಸ್ಕ್‌ನವಲ್ಲ. ಸಮುದಾಯದಲ್ಲಿ ಮಾಸ್ಕ್ ಹಾಕಿದವರು ಮತ್ತು ಹಾಕದವರ ನಡುವೆ, ಪ್ರಯೋಗಾಲಯದಲ್ಲಿ ದೃಢಪಟ್ಟ ಸೋಂಕಿನ ಅನುಪಾತ 1.01 ಬಂತು. ಅಂದರೆ ಸಮ. ವಾಟ್ಸ್‌ಆ್ಯಪ್ ಸಂದೇಶ ಇಲ್ಲಿಗೆ ನಿಲ್ಲುತ್ತದೆ. ಅದರ ಪಕ್ಕದಲ್ಲೇ ಇರುವ ಅನಿಶ್ಚಿತತೆಯ ವ್ಯಾಪ್ತಿ 0.72ರಿಂದ 1.42. ಸೋಂಕು ಶೇ 28 ಕಡಿಮೆಯಾಗಿದ್ದರೂ ಈ ದತ್ತಾಂಶಕ್ಕೆ ಒಪ್ಪುತ್ತದೆ, ಶೇ 42 ಹೆಚ್ಚಾಗಿದ್ದರೂ ಒಪ್ಪುತ್ತದೆ. ಇದನ್ನು ‘ಪರಿಣಾಮ ಇಲ್ಲ ಎಂದು ಸಾಬೀತು’ ಅಂತ ಓದುವುದು ತಪ್ಪು. ಅದೇ ವರ್ಷದ ಮಾರ್ಚ್‌ನಲ್ಲಿ ಕಾಕ್ರೇನ್‌ನ ಪ್ರಧಾನ ಸಂಪಾದಕಿ ಕಾರ್ಲಾ ಸೋರೆಸ್-ವೈಸರ್ ಕೂಡ ಇದನ್ನೇ ಹೇಳಿದರು. ಮಾಸ್ಕ್ ಧರಿಸಲು ಉತ್ತೇಜಿಸುವ ಕಾರ್ಯಕ್ರಮಗಳು ಹರಡುವಿಕೆಯನ್ನು ತಗ್ಗಿಸುತ್ತವೆಯೇ ಎಂಬುದು ಪರಾಮರ್ಶೆಯ ಪ್ರಶ್ನೆಯಾಗಿತ್ತು, ಅದಕ್ಕೆ ಖಚಿತ ಉತ್ತರ ಸಿಕ್ಕಿಲ್ಲ ಅಂತ.

ಒಳಗಿನ ಪ್ರಯೋಗಗಳನ್ನು ನೋಡಿದರೆ ಕಾರಣ ತಿಳಿಯುತ್ತದೆ. ಡೆನ್ಮಾರ್ಕ್‌ನ ಡ್ಯಾನ್‌ಮಾಸ್ಕ್ ಪ್ರಯೋಗ ನಡೆದದ್ದು 2020ರ ಏಪ್ರಿಲ್–ಮೇ ತಿಂಗಳಲ್ಲಿ, ಸುಮಾರು 6,000 ಜನರ ಮೇಲೆ. ಸರ್ಜಿಕಲ್ ಮಾಸ್ಕ್ ಕೊಟ್ಟವರಲ್ಲಿ ಶೇ 1.8 ಜನರಿಗೆ ಸೋಂಕು, ಕೊಡದವರಲ್ಲಿ ಶೇ 2.1. ಹೇಳಿದಂತೆ ಪೂರ್ತಿ ಹಾಕಿದವರು ಅರ್ಧಕ್ಕಿಂತ ಕಡಿಮೆ, ಶೇ 46. ಮನೆಯೊಳಗೆ ಹಾಕುವ ಮಾತೇ ಇರಲಿಲ್ಲ. ಸುತ್ತಲಿನವರಲ್ಲಿ ಬಹುತೇಕ ಯಾರೂ ಹಾಕಿರಲಿಲ್ಲವಾದ್ದರಿಂದ ‘ಸೋಂಕಿತ ವ್ಯಕ್ತಿ ಮಾಸ್ಕ್ ಹಾಕಿದರೆ ಇತರರಿಗೆ ಎಷ್ಟು ಲಾಭ’ ಎಂಬ ಮುಖ್ಯ ಪ್ರಶ್ನೆಯನ್ನು ಈ ಪ್ರಯೋಗ ಮುಟ್ಟಲೇ ಇಲ್ಲ.

ಬಾಂಗ್ಲಾದೇಶದ ಪ್ರಯೋಗ ದೊಡ್ಡದು. 600 ಹಳ್ಳಿ, ಸುಮಾರು 3.4 ಲಕ್ಷ ವಯಸ್ಕರು, 2020ರ ನವೆಂಬರ್‌ನಿಂದ 2021ರ ಏಪ್ರಿಲ್‌ವರೆಗೆ. ಉಚಿತ ಮಾಸ್ಕ್ ಹಂಚಿ ಪ್ರಚಾರ ಮಾಡಿದ ಹಳ್ಳಿಗಳಲ್ಲಿ ಮಾಸ್ಕ್ ಧರಿಸುವವರು ಶೇ 13ರಿಂದ ಶೇ 42ಕ್ಕೆ ಏರಿದರು. ಲಕ್ಷಣವಿದ್ದು ರಕ್ತಪರೀಕ್ಷೆಯಲ್ಲಿ ದೃಢಪಟ್ಟ ಸೋಂಕು ಒಟ್ಟಾರೆ ಶೇ 9ರಷ್ಟು ಇಳಿಯಿತು. ಸರ್ಜಿಕಲ್ ಕೊಟ್ಟ ಹಳ್ಳಿಗಳಲ್ಲಿ ಇಳಿಕೆ ಶೇ 11. ಅಲ್ಲಿಯೇ 60 ದಾಟಿದವರಲ್ಲಿ ಶೇ 35. ವೃದ್ಧಾಶ್ರಮಕ್ಕೆ ಇದು ಗಮನಿಸಬೇಕಾದ ಅಂಕಿ. ದೋಷಗಳೂ ಇವೆ. ಯಾರ ಹಳ್ಳಿಗೆ ಮಾಸ್ಕ್ ಬಂತು ಅಂತ ಎಲ್ಲರಿಗೂ ಗೊತ್ತಿತ್ತು, ಅಂತರ ಕಾಯುವವರೂ ಸ್ವಲ್ಪ ಹೆಚ್ಚಾದರು, ಲಕ್ಷಣವಿದ್ದವರಲ್ಲಿ ರಕ್ತ ಕೊಟ್ಟವರು ಸುಮಾರು ಶೇ 40 ಮಾತ್ರ. ಆದರೂ ನೂರರಲ್ಲಿ 29 ಮಂದಿ ಹೆಚ್ಚುವರಿಯಾಗಿ ಹಾಕಿದ್ದಕ್ಕೆ ಬಂದ ಇಳಿಕೆ ಅದು, ನೂರಕ್ಕೆ ನೂರು ಹಾಕಿದ್ದಕ್ಕಲ್ಲ.

ನಾರ್ವೆಯದು 2023ರ ಫೆಬ್ರುವರಿ–ಏಪ್ರಿಲ್, 4,647 ವಯಸ್ಕರು, 14 ದಿನ ಸಾರ್ವಜನಿಕ ಸ್ಥಳದಲ್ಲಿ ಸರ್ಜಿಕಲ್ ಮಾಸ್ಕ್. ಉಸಿರಾಟದ ಸೋಂಕಿನ ಲಕ್ಷಣ ಇತ್ತು ಎಂದವರು ಮಾಸ್ಕ್ ಗುಂಪಿನಲ್ಲಿ ಶೇ 8.9, ಇನ್ನೊಂದರಲ್ಲಿ ಶೇ 12.2. ಇದು ಅವರವರೇ ಹೇಳಿಕೊಂಡ ಲಕ್ಷಣ, ಲ್ಯಾಬ್ ಪರೀಕ್ಷೆಯಲ್ಲ ಎಂಬುದು ನೆನಪಿರಲಿ.

ಇನ್ನು ಸಿಬ್ಬಂದಿಗೆ ಸರ್ಜಿಕಲ್ಲೋ ಎನ್95ಓ ಎಂಬ ಪ್ರಶ್ನೆ. ಇಲ್ಲಿ ಪ್ರಯೋಗಗಳು ಒಂದೇ ಮಾತು ಹೇಳುವುದಿಲ್ಲ. ಕೆನಡಾ, ಇಸ್ರೇಲ್, ಪಾಕಿಸ್ತಾನ, ಈಜಿಪ್ಟ್‌ಗಳ 29 ಕೇಂದ್ರಗಳಲ್ಲಿ ನಡೆದು 2022ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ದೃಢಪಟ್ಟ ಕೋವಿಡ್ ಸರ್ಜಿಕಲ್ ಗುಂಪಿನಲ್ಲಿ ಶೇ 10.46, ಎನ್95 ಗುಂಪಿನಲ್ಲಿ ಶೇ 9.27. ವ್ಯತ್ಯಾಸ ಖಚಿತವಲ್ಲ. ಬೀಜಿಂಗ್‌ನ 19 ಆಸ್ಪತ್ರೆಗಳ 1,669 ಸಿಬ್ಬಂದಿಯ ಪ್ರಯೋಗ 2013ರದು. ಅದರಲ್ಲಿ ಪಾಳಿಯುದ್ದಕ್ಕೂ ಎನ್95 ಹಾಕಿದವರಲ್ಲಿ ಉಸಿರಾಟದ ಕಾಯಿಲೆ ಶೇ 7.2, ಅಪಾಯದ ಕೆಲಸ ಮಾಡುವಾಗ ಮಾತ್ರ ಎನ್95 ಹಾಕಿದವರಲ್ಲಿ ಶೇ 11.8, ಸರ್ಜಿಕಲ್ ಹಾಕಿದವರಲ್ಲಿ ಶೇ 17. ನನ್ನ ಅಭಿಪ್ರಾಯದಲ್ಲಿ ಎರಡನ್ನೂ ಒಟ್ಟಿಗೆ ಓದಿದಾಗ ಎದ್ದು ಕಾಣುವುದು ಹಾಕಿಕೊಂಡಿದ್ದ ಅವಧಿ. ರೋಗಿಯ ಹತ್ತಿರ ಹೋದಾಗ ಎನ್95, ಊಟದ ಕೋಣೆಯಲ್ಲಿ ಸಹೋದ್ಯೋಗಿಗಳ ಜೊತೆ ಬರಿಮುಖ ಎಂದಾದರೆ ಸೋಂಕು ಊಟದ ಕೋಣೆಯಿಂದ ಬರುತ್ತದೆ.

ಎಳೆ_ಮತ್ತು_ಗಾಳಿ ಅವರ 14.5ರ ಲೆಕ್ಕವನ್ನೇ ಮುಂದುವರಿಸಿ ನೋಡಿ. ಹತ್ತು ಗಂಟೆಯ ಪಾಳಿಯಲ್ಲಿ ಎಂಟು ಗಂಟೆ ಮಾಸ್ಕ್, ಎರಡು ಗಂಟೆ ತೆಗೆದದ್ದು, ಗಾಳಿ ಎಲ್ಲೆಡೆ ಒಂದೇ ಎಂದು ಇಟ್ಟುಕೊಳ್ಳಿ. ಎಂಟು ಗಂಟೆಯಲ್ಲಿ ಒಳಹೋದದ್ದು ಬರಿಮುಖದಲ್ಲಿ 1.16 ಗಂಟೆ ಉಸಿರಾಡಿದ್ದಕ್ಕೆ ಸಮ, ಉಳಿದ ಎರಡು ಗಂಟೆ ಪೂರ್ತಿ. ಒಟ್ಟು 3.16 ಗಂಟೆ, ಶೇ 32ರ ಹತ್ತಿರ. ಅದರಲ್ಲಿ ಹೆಚ್ಚಿನ ಪಾಲು ಮಾಸ್ಕ್ ತೆಗೆದ ಎರಡು ಗಂಟೆಯದೇ.

ಇನ್ನೊಂದು ತೊಡಕು: ಒಳಹೋದ ಪ್ರಮಾಣ ಮೂರನೇ ಒಂದಕ್ಕೆ ಇಳಿದರೆ ಅಪಾಯವೂ ಮೂರನೇ ಒಂದಕ್ಕೆ ಇಳಿಯಬೇಕೆಂದಿಲ್ಲ. ಗಾಳಿಯ ಸೋಂಕಿಗೆ ಬಳಸುವ ವೆಲ್ಸ್–ರೈಲಿ ಲೆಕ್ಕದಲ್ಲಿ ಸೋಂಕಿನ ಪ್ರಮಾಣವನ್ನು ‘ಕ್ವಾಂಟಮ್’ ಎಂಬ ಮಾನದಲ್ಲಿ ಅಳೆಯುತ್ತಾರೆ; ಒಂದು ಮಾನದಷ್ಟು ಉಸಿರಾಡಿದರೆ ಸೋಂಕು ತಗುಲುವ ಸಾಧ್ಯತೆ ಶೇ 63. ಕಿಟಕಿ ಮುಚ್ಚಿದ ಕೋಣೆಯಲ್ಲಿ ರಾತ್ರಿಯಿಡೀ ಕೂತು ಐದು ಮಾನ ಉಸಿರಾಡುವವರಿಗೆ ಅಪಾಯ ಶೇ 99. ಅದನ್ನು ಮೂರನೇ ಒಂದಕ್ಕೆ ಇಳಿಸಿದರೂ ಶೇ 81. ಗಾಳಿಯಾಡುವ ಕೋಣೆಯಲ್ಲಿ 0.2 ಮಾನ ಉಸಿರಾಡುವವರಿಗೆ ಅಪಾಯ ಶೇ 18. ಅದೇ ಮಾಸ್ಕ್, ಅದೇ ಮೂರನೇ ಒಂದಕ್ಕೆ ಇಳಿಕೆ, ಆದರೆ ಅಪಾಯ ಶೇ 6ರ ಆಸುಪಾಸಿಗೆ ಬರುತ್ತದೆ. ಕಿಟಕಿ ತೆರೆಯುವುದು ಮಾಸ್ಕ್‌ಗೆ ಬದಲಿ ಅಲ್ಲ, ಮಾಸ್ಕ್ ಕೆಲಸ ಮಾಡಲು ಅದು ಬೇಕು.

---

ವಾರ್ಡ್_ಸಿಸ್ಟರ್ ಉತ್ತರ:

ಸೋಂಕು ನಿಯಂತ್ರಣದ ಕಡೆಯಿಂದ, ನಿಮ್ಮ ಗೋಡೆಯ ಸೂಚನೆಗೆ ನೇರ ಹಾಕಬಹುದಾದ್ದನ್ನು ಹೇಳುತ್ತೇನೆ ಮೇಡಂ/ಸರ್.

ಯಾವಾಗ ಅನ್ನೋದು ಮೊದಲು. ‘ಕೆಮ್ಮು ಬಂದವರು ಮಾತ್ರ ಹಾಕಿ’ ಅಂದರೆ ತಡವಾಗುತ್ತದೆ. ಫ್ಲೂ ಲಕ್ಷಣ ಕಾಣುವ ಹಿಂದಿನ ದಿನವೇ ಹರಡಲು ಶುರುವಾಗುತ್ತದೆ, ಕೋವಿಡ್ ಎರಡು ದಿನ ಮೊದಲೇ. ಹಾಂಕಾಂಗ್‌ನಲ್ಲಿ ಫ್ಲೂ ರೋಗಿಗಳ ಮನೆಗಳಲ್ಲಿ ನಡೆದ ಪ್ರಯೋಗದಲ್ಲೂ (2009) ಮಾಸ್ಕ್ ಮತ್ತು ಕೈತೊಳೆಯುವುದು ಎರಡನ್ನೂ ಮೊದಲ ರೋಗಿಗೆ ಲಕ್ಷಣ ಬಂದ 36 ಗಂಟೆಯೊಳಗೆ ಆರಂಭಿಸಿದ ಮನೆಗಳಲ್ಲಿ ಲಾಭ ಕಂಡಿತು, ತಡ ಮಾಡಿದಲ್ಲಿ ಕಾಣಲಿಲ್ಲ. ಆದ್ದರಿಂದ ನಿಯಮ ಹೀಗಿರಲಿ: ಆಶ್ರಮದಲ್ಲಿ ಒಬ್ಬರಿಗೆ ಜ್ವರ-ಕೆಮ್ಮು ಕಂಡ ಗಂಟೆಯಿಂದಲೇ ಎಲ್ಲ ಸಿಬ್ಬಂದಿ ಒಳಾಂಗಣದಲ್ಲಿ ಮಾಸ್ಕ್ ಹಾಕಬೇಕು, ಕೊನೆಯ ರೋಗಿಗೆ ಲಕ್ಷಣ ಬಂದು ಕನಿಷ್ಠ ಒಂದು ವಾರ ಕಳೆಯುವವರೆಗೆ. ಊರಲ್ಲಿ ಫ್ಲೂ ಹೆಚ್ಚಿರುವ ತಿಂಗಳುಗಳಲ್ಲಿ, ನಮ್ಮಲ್ಲಿ ಸಾಮಾನ್ಯವಾಗಿ ಜನವರಿಯಿಂದ ಮಾರ್ಚ್ ಮತ್ತು ಮಳೆಗಾಲದ ಹೊತ್ತು, ಹಿರಿಯರಿಗೆ ಊಟ ಮಾಡಿಸುವಾಗ, ಸ್ನಾನ ಮಾಡಿಸುವಾಗ, ಮುಖಕ್ಕೆ ಮುಖ ಕೊಟ್ಟು ಮಾತಾಡುವಾಗ ಹಾಕಿದರೆ ಸಾಕು. ವರ್ಷಪೂರ್ತಿ ಕಡ್ಡಾಯ ಮಾಡಿದರೆ ಎರಡು ತಿಂಗಳಲ್ಲಿ ಎಲ್ಲರ ಮಾಸ್ಕೂ ಗಲ್ಲಕ್ಕೆ ಇಳಿಯುತ್ತದೆ, ನಿಜವಾಗಿ ಬೇಕಾದ ದಿನವೂ ಅಲ್ಲೇ ಇರುತ್ತದೆ.

ರೋಗಿಯ ಕೋಣೆಗೆ ಹೋಗುವವರಿಗೆ ಎನ್95. ಅಡುಗೆಯವರು, ಕಚೇರಿಯವರಿಗೆ ಗಂಟು ಹಾಕಿದ ಸರ್ಜಿಕಲ್ ನಡೆಯುತ್ತದೆ.

ಎನ್95 ಹಾಕುವ ಕ್ರಮ: ಕೈತೊಳೆದು ಒರೆಸಿ. ಮಾಸ್ಕನ್ನು ಅಂಗೈಯಲ್ಲಿ ಹಿಡಿದು, ಮೂಗಿನ ತಂತಿ ಬೆರಳ ತುದಿಯ ಕಡೆ, ಪಟ್ಟಿಗಳು ಕೆಳಕ್ಕೆ ತೂಗುವಂತೆ ಇರಲಿ. ಗಲ್ಲವನ್ನು ಒಳಗೆ ಕೂರಿಸಿ ಮುಖಕ್ಕೆ ಒತ್ತಿ. ಮೇಲಿನ ಪಟ್ಟಿ ನೆತ್ತಿಯ ಹಿಂಭಾಗಕ್ಕೆ, ಕೆಳಗಿನದು ಕಿವಿಯ ಕೆಳಗೆ ಕುತ್ತಿಗೆಗೆ. ಎರಡನ್ನೂ ಒಂದೇ ಕಡೆ ಹಾಕಿದರೆ, ಅಡ್ಡ ದಾಟಿಸಿದರೆ ಮಾಸ್ಕ್ ಕೆನ್ನೆಯಿಂದ ಎದ್ದೇಳುತ್ತದೆ. ಮುಡಿ ಕಟ್ಟಿಕೊಂಡವರು ಮೇಲಿನ ಪಟ್ಟಿಯನ್ನು ಮುಡಿಯ ಮೇಲ್ಗಡೆಗೆ ಹಾಕಿ, ಇಲ್ಲದಿದ್ದರೆ ಜಾರುತ್ತಲೇ ಇರುತ್ತದೆ. ಮೂಗಿನ ತಂತಿಯನ್ನು ಒಂದೇ ಕೈಯಿಂದ ಚಿವುಟಬೇಡಿ, ನಡುವೆ ಮೊನೆಯಾಗಿ ಎರಡೂ ಕಡೆ ಸಂದಿ ಬೀಳುತ್ತದೆ. ಎರಡೂ ಕೈಯ ಎರಡೆರಡು ಬೆರಳಿಟ್ಟು ನಡುವಿನಿಂದ ಪಕ್ಕಕ್ಕೆ ಒತ್ತುತ್ತಾ ಹೋಗಿ. ಸೆರಗು, ದುಪಟ್ಟಾ, ಸರ ಏನೂ ಅಂಚಿನೊಳಗೆ ಸಿಕ್ಕಿರಬಾರದು.

ಈಗ ಪರೀಕ್ಷೆ. ಎರಡೂ ಅಂಗೈಯಿಂದ ಮಾಸ್ಕ್ ಮುಚ್ಚಿ ಜೋರಾಗಿ ಉಸಿರು ಬಿಡಿ. ಕಣ್ಣಿಗೆ ಗಾಳಿ ತಾಗಿದರೆ ತಂತಿ ಮತ್ತೆ ಒತ್ತಿ, ಕೆನ್ನೆಯ ಪಕ್ಕ ತಾಗಿದರೆ ಪಟ್ಟಿಯನ್ನು ಇನ್ನೂ ಹಿಂದಕ್ಕೆ ಸರಿಸಿ. ಆಮೇಲೆ ಜೋರಾಗಿ ಒಳಕ್ಕೆ ಎಳೆದುಕೊಳ್ಳಿ, ಮಾಸ್ಕ್ ಮುಖದ ಕಡೆಗೆ ಸ್ವಲ್ಪ ಕುಗ್ಗಬೇಕು. ಕನ್ನಡಕ ಮಂಜಾಗುತ್ತಿದ್ದರೆ ಮೂಗಿನ ಹತ್ತಿರ ಸೋರುತ್ತಿದೆ ಎಂದೇ ಅರ್ಥ. ಎರಡು ಸಲ ಸರಿಪಡಿಸಿದ ಮೇಲೂ ಸೋರಿದರೆ ಆ ಮುಖಕ್ಕೆ ಆ ಮಾದರಿ ಹೊಂದುವುದಿಲ್ಲ, ಬೇರೆ ಆಕಾರದ್ದು ತರಿಸಿ. ಒಂದೇ ಮಾದರಿಯ ನೂರು ಮಾಸ್ಕ್ ಒಟ್ಟಿಗೆ ಕೊಳ್ಳುವ ಮೊದಲು ಎರಡು ಮೂರು ಮಾದರಿಯ ಐದೈದು ತರಿಸಿ ಎಲ್ಲರಿಗೂ ಹಾಕಿ ನೋಡಿ. ತೆಳು ಮುಖದ ಹೆಣ್ಣುಮಕ್ಕಳಿಗೆ ದೊಡ್ಡ ಬಟ್ಟಲಿನಾಕಾರದ್ದು ಬಹಳ ಸಲ ಕೂರುವುದೇ ಇಲ್ಲ.

ಮರುಬಳಕೆ: ಒಂದು ಮಾಸ್ಕನ್ನು ಹಾಕಿ ತೆಗೆಯುವುದು ಐದು ಸಲಕ್ಕೆ ಮಿತಿಗೊಳಿಸಿ, ಅದಕ್ಕಿಂತ ಹೆಚ್ಚಾದರೆ ಪಟ್ಟಿಯ ಬಿಗಿ ಸಡಿಲವಾಗುತ್ತದೆ. ಒಬ್ಬರಿಗೆ ಐದು ಮಾಸ್ಕ್, ಐದು ಕಾಗದದ ಕವರ್, ಕವರ್ ಮೇಲೆ ಹೆಸರು ಮತ್ತು ವಾರದ ದಿನ. ಸೋಮವಾರದ್ದು ಮತ್ತೆ ಮುಂದಿನ ಸರದಿಗೆ ಬರುವ ಹೊತ್ತಿಗೆ ಒಣಗಿರುತ್ತದೆ. ಪ್ಲಾಸ್ಟಿಕ್ ಚೀಲದಲ್ಲಿ ಇಡಬೇಡಿ, ಒಳಗಿನ ತೇವ ಹೋಗುವುದಿಲ್ಲ. ಒದ್ದೆಯಾದದ್ದು, ಕೊಳೆಯಾದದ್ದು, ಉಸಿರಾಟ ಬಿಗಿಯಾದದ್ದು, ಪಟ್ಟಿ ಸಡಿಲವಾದದ್ದನ್ನು ಲೆಕ್ಕ ನೋಡದೆ ಎಸೆಯಿರಿ. ಸರ್ಜಿಕಲ್ ಒಂದು ಪಾಳಿಗೆ ಒಂದು, ನಡುವೆ ಒದ್ದೆಯಾದರೆ ಇನ್ನೊಂದು.

ಹಿರಿಯರಿಗೆ: ಕೆಮ್ಮುತ್ತಿರುವವರು ತಾವಾಗಿ ಹಾಕಿ ತೆಗೆಯಬಲ್ಲರಾದರೆ ಸರ್ಜಿಕಲ್ ಕೊಡಿ, ಕೋಣೆಯಿಂದ ಹೊರಗೆ ಬರುವಾಗ ಮತ್ತು ಯಾರಾದರೂ ಒಳಗೆ ಬಂದಾಗ ಹಾಕಿಕೊಳ್ಳಲಿ. ಮೂಗಿನಲ್ಲಿ ಆಮ್ಲಜನಕದ ನಳಿಕೆ ಇದ್ದರೆ ಅದರ ಮೇಲೆ ಸರ್ಜಿಕಲ್ ಹಾಕಬಹುದು. ಮರೆವಿನ ಕಾಯಿಲೆ ಇರುವವರಿಗೆ, ಏದುಸಿರು ಬಿಡುತ್ತಿರುವವರಿಗೆ, ತಾವಾಗಿ ತೆಗೆಯಲಾಗದವರಿಗೆ, ಮಲಗಿದವರಿಗೆ ಯಾವ ಕಾರಣಕ್ಕೂ ಕಟ್ಟಬೇಡಿ. ಅಂಥವರ ಕೋಣೆಯಲ್ಲಿ ಸಿಬ್ಬಂದಿಯ ಎನ್95 ಮತ್ತು ತೆರೆದ ಕಿಟಕಿಯನ್ನೇ ನೆಚ್ಚಬೇಕು.

ತೆಗೆಯುವುದು ಕೋಣೆಯಿಂದ ಹೊರಬಂದು ಬಾಗಿಲು ಹಾಕಿದ ಮೇಲೆ. ಮೊದಲು ಕೆಳಗಿನ ಪಟ್ಟಿ, ಆಮೇಲೆ ಮೇಲಿನದು, ಮುಂಭಾಗ ಮುಟ್ಟದೆ. ಮತ್ತೆ ಕೈತೊಳೆಯಿರಿ.

---

ತುಂಗಾತೀರ:

ಎಲ್ಲರಿಗೂ ತುಂಬ ಧನ್ಯವಾದ, ಇಷ್ಟು ಸ್ಪಷ್ಟವಾಗಿ ಎಲ್ಲೂ ಸಿಕ್ಕಿರಲಿಲ್ಲ. ಉಳಿದದ್ದು ಮೂರು. ಇಬ್ಬರು ಸಿಬ್ಬಂದಿಗೆ ಗಡ್ಡವಿದೆ, ಒಬ್ಬರು ಧಾರ್ಮಿಕ ಕಾರಣಕ್ಕೆ ತೆಗೆಯುವುದಿಲ್ಲ. ಅಂಗಡಿಯವರು ಉಸಿರಾಟಕ್ಕೆ ಸುಲಭ ಅಂತ ವಾಲ್ವ್ ಇರುವ ಎನ್95 ತೋರಿಸುತ್ತಿದ್ದಾರೆ. ಅಸಲಿ ನಕಲಿ ಗುರುತಿಸುವುದು ಹೇಗೆ?

---

ವಾರ್ಡ್_ಸಿಸ್ಟರ್ ಉತ್ತರ:

ಗಡ್ಡ ಅಂಚಿನ ಕೆಳಗೆ ಬಂದರೆ ಎನ್95 ಸರಿಯಾಗಿ ಕೂರುವುದಿಲ್ಲ, ಎರಡು ಮೂರು ದಿನದ ಕುರುಚಲು ಕೂಡ ಸಾಕು. ಅಂಚಿನೊಳಗೇ ನಿಲ್ಲುವ ಸಣ್ಣ ಮೀಸೆ ಪರವಾಗಿಲ್ಲ. ಗಡ್ಡ ತೆಗೆಯದವರಿಗೆ ಸಿಖ್ ಆರೋಗ್ಯ ಸಿಬ್ಬಂದಿ ಬಳಸುವ ಥಟ್ಟಾ ವಿಧಾನವಿದೆ. ವ್ಯಾಯಾಮಕ್ಕೆ ಬಳಸುವ ತೆಳು ರಬ್ಬರ್ ಹಾಳೆಯನ್ನು ಗಲ್ಲದ ಕೆಳಗಿಂದ ಗಡ್ಡವೆಲ್ಲ ಮುಚ್ಚುವಂತೆ ಎಳೆದು ನೆತ್ತಿಯ ಮೇಲೆ ಕಟ್ಟಿ, ಅದರ ಮೇಲೆ ಮಾಸ್ಕ್ ಹಾಕುವುದು. ಮಾಡುವುದಾದರೆ ಮೇಲೆ ಹೇಳಿದ ಉಸಿರಿನ ಪರೀಕ್ಷೆ ಪ್ರತಿ ಸಲವೂ ಆಗಲಿ. ಅದಕ್ಕಿಂತ ಸರಳವಾದದ್ದು, ಸೋಂಕು ಇರುವ ವಾರಗಳಲ್ಲಿ ಅವರನ್ನು ರೋಗಿಯ ಕೋಣೆಯ ಪಾಳಿಗೆ ಹಾಕದಿರುವುದು.

---

ಎಳೆ_ಮತ್ತು_ಗಾಳಿ ಉತ್ತರ:

ವಾಲ್ವ್ ಇರುವುದು ಬೇಡ. ಅದು ಧೂಳಿನ ಕೆಲಸಕ್ಕೆ ಮಾಡಿದ್ದು. ಒಳಗೆ ಎಳೆದುಕೊಳ್ಳುವ ಗಾಳಿ ಶೋಧವಾಗುತ್ತದೆ, ಬಿಡುವ ಗಾಳಿ ವಾಲ್ವ್‌ನಿಂದ ಶೋಧವಾಗದೆ ಹೊರಬರುತ್ತದೆ. ಲಕ್ಷಣ ಕಾಣುವ ಮೊದಲಿನ ದಿನದಲ್ಲಿರುವ ಸಿಬ್ಬಂದಿ ಅದನ್ನು ಹಾಕಿ ಹಿರಿಯರಿಗೆ ಊಟ ಮಾಡಿಸಿದರೆ ಹಾಕಿದ ಅರ್ಧ ಉದ್ದೇಶ ಹೋಯಿತು. 2020ರ ಜುಲೈನಲ್ಲಿ ಕೇಂದ್ರ ಆರೋಗ್ಯ ಸೇವೆಗಳ ಮಹಾನಿರ್ದೇಶನಾಲಯ ರಾಜ್ಯಗಳಿಗೆ ಪತ್ರ ಬರೆದು ಇದೇ ಎಚ್ಚರಿಕೆ ಕೊಟ್ಟಿತ್ತು.

ಅಸಲಿ ಗುರುತಿಸಲು: ಭಾರತದಲ್ಲಿ ಈ ವರ್ಗದ ಮಾಸ್ಕ್‌ಗೆ ಐಎಸ್ 9473 ಮಾನದಂಡ, ಅದರಲ್ಲಿ ಎಫ್‌ಎಫ್‌ಪಿ2 ದರ್ಜೆ ಎನ್95ಗೆ ಹತ್ತಿರದ್ದು. ಮಾಸ್ಕ್ ಅಥವಾ ಡಬ್ಬಿಯ ಮೇಲೆ ಐಎಸ್‌ಐ ಗುರುತು, ಐಎಸ್ 9473, ಮತ್ತು ಸಿಎಂ/ಎಲ್ ಅಂತ ಶುರುವಾಗುವ ಪರವಾನಗಿ ಸಂಖ್ಯೆ ಇರಬೇಕು. ಆ ಸಂಖ್ಯೆಯನ್ನು ಭಾರತೀಯ ಮಾನಕ ಬ್ಯೂರೋದ ಬಿಐಎಸ್ ಕೇರ್ ಆ್ಯಪ್‌ನಲ್ಲಿ ಹಾಕಿದರೆ ತಯಾರಕರ ಹೆಸರು, ಪರವಾನಗಿ ಚಾಲ್ತಿಯಲ್ಲಿದೆಯೇ ಎಂಬುದು ಬರುತ್ತದೆ. ಡಬ್ಬಿಯ ಹೆಸರಿಗೂ ಆ್ಯಪ್‌ನ ಹೆಸರಿಗೂ ತಾಳೆಯಾಗದಿದ್ದರೆ ಬಿಡಿ. ಸರ್ಜಿಕಲ್‌ಗೆ ಮಾನದಂಡ ಐಎಸ್ 16289. ‘ನಿಯೋಶ್ ಅನುಮೋದಿತ’ ಅಂತ ಬರೆದಿದ್ದರೆ ಮಾಸ್ಕ್‌ನ ಮೇಲೆಯೇ ಟಿಸಿ-84ಎ ಎಂದು ಶುರುವಾಗುವ ಸಂಖ್ಯೆ ಇರಬೇಕು. ಕಿವಿಗೆ ಹಾಕುವ ದಾರವಿದ್ದೂ ಹಾಗೆ ಬರೆದಿದ್ದರೆ ಅದು ನಕಲಿ ಎಂದೇ ತಿಳಿಯಿರಿ, ಮಕ್ಕಳ ಅಳತೆಗೆ ‘ನಿಯೋಶ್ ಅನುಮೋದನೆ’ ಎಂದರೂ ಅಷ್ಟೇ.

ಸರ್ಜಿಕಲ್ ಡಬ್ಬಿ ಬಂದ ಕೂಡಲೇ ಒಂದನ್ನು ಕತ್ತರಿಸಿ ನೋಡಿ. ಮೂರು ಪದರ ಬೇರೆಯಾಗಬೇಕು, ನಡುವಿನದು ಬಿಳಿಯಾಗಿ, ನಯವಾಗಿ, ಬೆಳಕಿಗೆ ಹಿಡಿದರೆ ಒತ್ತಾಗಿ ಕಾಣಬೇಕು. ಸಣ್ಣ ಕಾಗದದ ಚೂರುಗಳ ಹತ್ತಿರ ಹಿಡಿದಾಗ ಅದು ಎಳೆದುಕೊಂಡರೆ ವಿದ್ಯುತ್ ಇದೆ. ಇದು ದರ್ಜೆ ಹೇಳುವ ಪರೀಕ್ಷೆಯಲ್ಲ, ನಡುವಿನ ಪದರವನ್ನೇ ಹಾಕದೆ ಮಾರುವವರನ್ನು ಹಿಡಿಯುವುದಕ್ಕೆ ಸಾಕು.

---

ಅಂಕಿ_ಓದುಗ ಉತ್ತರ:

ಕೋಣೆಯ ಗಾಳಿ ಎಷ್ಟು ಬದಲಾಗುತ್ತಿದೆ ಎಂದು ತಿಳಿಯಲು ಖರೀದಿ ಪಟ್ಟಿಯಲ್ಲಿ ಒಂದು ಕಾರ್ಬನ್ ಡೈ ಆಕ್ಸೈಡ್ ಮೀಟರ್ ಸೇರಿಸಿ, ಎನ್‌ಡಿಐಆರ್ (ಅವಗೆಂಪು ಬೆಳಕಿನಿಂದ ಅಳೆಯುವ) ಸಂವೇದಕ ಇರುವಂಥದ್ದೇ ಆಗಬೇಕು. ಹೊರಗಿನ ಗಾಳಿಯಲ್ಲಿ ಸುಮಾರು 420 ಪಿಪಿಎಂ (ಹತ್ತು ಲಕ್ಷದಲ್ಲಿ ಇಷ್ಟು ಪಾಲು) ಇರುತ್ತದೆ. ರಾತ್ರಿ ಎಲ್ಲರೂ ಮಲಗಿದ ಮೇಲೆ ಹಾಲ್‌ನಲ್ಲಿ ಮತ್ತು ಸಿಬ್ಬಂದಿಯ ಊಟದ ಕೋಣೆಯಲ್ಲಿ ಇಟ್ಟು ನೋಡಿ. 800ರ ಒಳಗಿದ್ದರೆ ಒಳ್ಳೆಯದು, 1,000 ದಾಟಿದರೆ ಒಬ್ಬರು ಬಿಟ್ಟ ಉಸಿರನ್ನೇ ಇನ್ನೊಬ್ಬರು ಎಳೆದುಕೊಳ್ಳುತ್ತಿದ್ದಾರೆ. ಎದುರುಬದುರಿನ ಎರಡು ಕಿಟಕಿ ಒಂದೊಂದು ಗೇಣು ತೆರೆದು ಅರ್ಧ ಗಂಟೆ ಬಿಟ್ಟು ಮತ್ತೆ ನೋಡಿ. ರೋಗಿಯ ಕೋಣೆಯಲ್ಲಿ ಗಂಟೆಗೆ ಐದು ಸಲ ಗಾಳಿ ಬದಲಾಗುತ್ತಿದ್ದರೂ ತೇಲುವ ಕಣಗಳಲ್ಲಿ ಶೇ 99 ಹೋಗಲು 55 ನಿಮಿಷ ಬೇಕು. ಹಾಗಾಗಿ ರೋಗಿಯನ್ನು ಬೇರೆಡೆಗೆ ಕರೆದೊಯ್ದ ಕೂಡಲೇ ಹಾಸಿಗೆ ಬದಲಿಸಲು ಹೋಗುವ ಸಿಬ್ಬಂದಿಯೂ ಎನ್95 ಹಾಕಿಯೇ ಹೋಗಲಿ, ಇಲ್ಲವೇ ಒಂದು ಗಂಟೆ ಕಾಯಲಿ.